ವಿಂಡೋಸ್ ಕಂಪ್ಯೂಟರ್‌ನಲ್ಲಿ ಪಿನ್ ಕೈಕೊಟ್ಟಾಗ: ದೋಷದ ಮೂಲ ಹುಡುಕುವ ಕ್ರಮ

ವಿಂಡೋಸ್ 10 ಅಥವಾ ವಿಂಡೋಸ್ 11 ಇರುವ ಸ್ವಂತ ಕಂಪ್ಯೂಟರ್‌ಗೆ ಪಿನ್ ಹಾಕಿ ಲಾಗಿನ್ ಆಗಲು ಸಾಧ್ಯವಾಗದಿದ್ದಾಗ, ಅಥವಾ ಹೊಸದಾಗಿ ಪಿನ್ ಹೊಂದಿಸಲು ಹೋದಾಗ ಕಂಪ್ಯೂಟರ್ ಅದನ್ನು ಒಪ್ಪದಿದ್ದಾಗ, ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಿದೆ. ಪಿನ್ ಕೆಲಸ ಮಾಡಲಿಲ್ಲವೆಂದ ಕೂಡಲೇ ಯಾವುದೋ ಫೋಲ್ಡರ್ ಅಳಿಸುವುದು, ಟಿಪಿಎಂ ಎಂಬ ಭದ್ರತಾ ಚಿಪ್ಪನ್ನು ಖಾಲಿ ಮಾಡುವುದು, ಅದೂ ಆಗದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕಿಸುವುದು ಈಗ ರೂಢಿಯಾಗಿಬಿಟ್ಟಿದೆ. ಈ ಮೂರೂ ಕೆಲಸಗಳಿಗೆ ಅವುಗಳದೇ ಆದ ಸಂದರ್ಭವಿದೆ. ಆದರೆ ಕ್ರಮ ತಪ್ಪಿ ಮಾಡಿದರೆ, ಬರೀ ಲಾಗಿನ್ ತೊಂದರೆಯಾಗಿದ್ದದ್ದು ವರ್ಷಗಳ ಫೋಟೊ, ಲೆಕ್ಕಪತ್ರಗಳ ನಷ್ಟವಾಗಿ ಬೆಳೆಯಬಹುದು. ಆದ್ದರಿಂದ ದಯವಿಟ್ಟು ಕೊನೆಯವರೆಗೆ ಒಮ್ಮೆ ಓದಿಕೊಂಡು, ಆಮೇಲೆ ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ.

ಪಿನ್ ಎಂದರೆ ಚಿಕ್ಕ ಪಾಸ್‌ವರ್ಡ್ ಅಲ್ಲ

ದೋಷವನ್ನು ಸರಿಯಾಗಿ ಊಹಿಸಬೇಕಾದರೆ ಪಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಮೊದಲು ಗೊತ್ತಿರಬೇಕು. 2015ರಲ್ಲಿ ವಿಂಡೋಸ್ 10 ಜೊತೆಗೆ ಬಂದ ವಿಂಡೋಸ್ ಹಲೋ ವ್ಯವಸ್ಥೆಯಲ್ಲಿ, ನೀವು ಹಾಕುವ ನಾಲ್ಕಾರು ಅಂಕಿಗಳು ಮೈಕ್ರೋಸಾಫ್ಟ್‌ನ ಸರ್ವರ್‌ಗೆ ಹೋಗುವುದಿಲ್ಲ. ಅವು ಆ ಕಂಪ್ಯೂಟರ್‌ನೊಳಗೇ ಇರುವ ಒಂದು ರಹಸ್ಯ ಕೀಲಿಯನ್ನು ತೆರೆಯುತ್ತವೆ, ಆ ಕೀಲಿಯೇ ನಿಮ್ಮ ಗುರುತಿಗೆ ಸಾಕ್ಷಿಯಾಗುತ್ತದೆ. ಎಟಿಎಂ ಪಿನ್ ಕಾರ್ಡ್ ಇಲ್ಲದೆ ಹೇಗೆ ನಿರುಪಯುಕ್ತವೋ ಹಾಗೆಯೇ ಇದು, ಇಲ್ಲಿ ಕಂಪ್ಯೂಟರೇ ಆ ಕಾರ್ಡಿನ ಜಾಗದಲ್ಲಿದೆ. ಲ್ಯಾಪ್‌ಟಾಪ್‌ನ ಪಿನ್ ಬದಲಿಸಿದರೆ ಮನೆಯ ಡೆಸ್ಕ್‌ಟಾಪ್‌ನ ಪಿನ್ ಬದಲಾಗದಿರುವುದು ಈ ಕಾರಣದಿಂದಲೇ.

ಆ ಕೀಲಿಯನ್ನು ಕಾಯುವ ಕೆಲಸ, ಸೌಲಭ್ಯವಿರುವ ಕಂಪ್ಯೂಟರ್‌ಗಳಲ್ಲಿ, ಟಿಪಿಎಂ ಎಂಬ ಭದ್ರತಾ ಚಿಪ್ಪಿನದು. ವಿಂಡೋಸ್ 11ಕ್ಕೆ ಟಿಪಿಎಂ 2.0 ಇರಲೇಬೇಕೆಂಬ ನಿಯಮವಿದೆ. ಅದು ಪ್ರತ್ಯೇಕ ಚಿಪ್ಪಾಗಿ ಇರಬಹುದು, ಇಲ್ಲವೇ ಇಂಟೆಲ್‌ನ ಪಿಟಿಟಿ ಅಥವಾ ಎಎಂಡಿಯ ಎಫ್‌ಟಿಪಿಎಂ ಹೆಸರಿನಲ್ಲಿ ಫರ್ಮ್‌ವೇರ್‌ನ ಭಾಗವಾಗಿಯೂ ಇರಬಹುದು. ಯಾವ ಬಳಕೆದಾರನಿಗೆ ಯಾವ ಕೀಲಿ ಎಂಬ ವಿವರವನ್ನು ವಿಂಡೋಸ್ ಎನ್‌ಜಿಸಿ ಎಂಬ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಹೀಗಾಗಿ ತೊಂದರೆ ಅಂಕಿ ಒತ್ತುವ ಕೀಲಿಮಣೆಯಲ್ಲಿರಬಹುದು, ಈ ಫೋಲ್ಡರ್‌ನಲ್ಲಿರಬಹುದು, ಚಿಪ್ಪಿನಲ್ಲಿರಬಹುದು, ಇಲ್ಲವೇ ಖಾತೆಗೆ ಅನ್ವಯವಾಗುವ ನಿಯಮಗಳಲ್ಲಿರಬಹುದು. ಯಾವುದು ಎಂಬುದನ್ನು ಪರದೆಯ ಮೇಲೆ ಬರುವ ಸಂದೇಶವೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ಅದನ್ನು ಓದದೆ ‘ಓಕೆ’ ಒತ್ತಬೇಡಿ, ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

ಕೈ ಹಾಕುವ ಮುನ್ನ

ಎರಡು ಸಂಗತಿಗಳು ಖಚಿತವಾಗುವವರೆಗೆ ಯಾವ ದುರಸ್ತಿಯನ್ನೂ ಆರಂಭಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲನೆಯದು ಪಾಸ್‌ವರ್ಡ್. ದಿನವೂ ಪಿನ್ನನ್ನೇ ಬಳಸುವವರು ಮೂಲ ಪಾಸ್‌ವರ್ಡನ್ನು ಮರೆತಿರುವುದು ತೀರಾ ಸಾಮಾನ್ಯ. ಮೈಕ್ರೋಸಾಫ್ಟ್ ಖಾತೆಯಾದರೆ ಫೋನಿನ ಬ್ರೌಸರ್‌ನಿಂದ ಅದೇ ಖಾತೆಗೆ ಒಮ್ಮೆ ಲಾಗಿನ್ ಆಗಿ ನೋಡಿ. ಆಗದಿದ್ದರೆ ಅಲ್ಲಿಯೇ ಪಾಸ್‌ವರ್ಡ್ ಬದಲಿಸಿಕೊಳ್ಳಿ.

ಎರಡನೆಯದು ಬಿಟ್‌ಲಾಕರ್, ಅಂದರೆ ವಿಂಡೋಸ್‌ನ ಡಿಸ್ಕ್ ಗೂಢಲಿಪೀಕರಣದ ರಿಕವರಿ ಕೀ. ಮೈಕ್ರೋಸಾಫ್ಟ್ ಖಾತೆಯಿಂದ ಹೊಂದಿಸಿದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣ ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೆ ಅದರ ಅರಿವೇ ಇರುವುದಿಲ್ಲ. ಟಿಪಿಎಂನಲ್ಲಿ ಅಥವಾ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನ ಮೂಲ ತಂತ್ರಾಂಶ) ಏನಾದರೂ ಬದಲಾದರೆ, ಮುಂದಿನ ಬಾರಿ ಕಂಪ್ಯೂಟರ್ ಆನ್ ಮಾಡಿದಾಗ ನೀಲಿ ಪರದೆಯೊಂದು ಬಂದು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಅದು ಇಲ್ಲದಿದ್ದರೆ ಡಿಸ್ಕಿನಲ್ಲಿರುವ ಕಡತಗಳನ್ನು ಯಾವ ರಿಪೇರಿ ಅಂಗಡಿಯವರೂ ತೆಗೆದುಕೊಡಲಾರರು. ಈ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಖಾತೆಯ ಸಾಧನಗಳ ಪುಟದಿಂದ ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒಂದಕ್ಕಿಂತ ಹೆಚ್ಚು ಕೀಲಿಗಳಿದ್ದರೆ, ಪ್ರತಿಯೊಂದರ ಪಕ್ಕದಲ್ಲಿರುವ ಕೀ ಐಡಿಯನ್ನೂ ಬರೆದುಕೊಳ್ಳಿ. ನೀಲಿ ಪರದೆ ತೋರಿಸುವ ಐಡಿಗೆ ಯಾವುದು ಹೊಂದುತ್ತದೋ ಅದೇ ನಿಮಗೆ ಬೇಕಾದದ್ದು.

‘ಪಿನ್ ತಪ್ಪಾಗಿದೆ’ ಎಂದು ಬರುತ್ತಿದ್ದರೆ

ಈ ಸಂದೇಶ ಬಂದರೆ ಒಂದು ಮಟ್ಟಿಗೆ ನಿಶ್ಚಿಂತರಾಗಿರಿ, ಏಕೆಂದರೆ ಪಿನ್ ವ್ಯವಸ್ಥೆ ಜೀವಂತವಾಗಿದೆ, ನಿಮ್ಮ ಅಂಕಿಗಳನ್ನು ಪಡೆದು ಪರಿಶೀಲಿಸಿಯೂ ಇದೆ ಎಂದು ಅದರ ಅರ್ಥ. ಅಂಕಿಗಳೇ ನಿಜಕ್ಕೂ ತಪ್ಪಿವೆಯೇ ಎಂಬುದಷ್ಟೇ ಪ್ರಶ್ನೆ.

ಕೀಲಿಮಣೆಯ ಬಲಬದಿಯ ಅಂಕಿಗಳನ್ನು ಬಳಸುವವರು ನಮ್‌ಲಾಕ್ ದೀಪವನ್ನು ಮೊದಲು ನೋಡಬೇಕು. ಅದು ಆರಿದ್ದರೆ ಆ ಕೀಲಿಗಳು ಅಂಕಿಗಳನ್ನು ಕೊಡುವುದಿಲ್ಲ, ಪೆಟ್ಟಿಗೆಯಲ್ಲಿ ಚುಕ್ಕಿಯೇ ಮೂಡುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಸವೆದ ಕೀಲಿಯ ತೊಂದರೆ. ಅಂಕಿಗಳ ಪಿನ್ ಆಗಿದ್ದರೆ ಕೊನೆಯ ಅಂಕಿ ಬಿದ್ದೊಡನೆ ಎಂಟರ್ ಒತ್ತದೆಯೇ ವಿಂಡೋಸ್ ಅದನ್ನು ಪರಿಶೀಲನೆಗೆ ಒಯ್ಯುತ್ತದೆ. ನಿಮ್ಮ ಪಿನ್ 2749 ಎಂದಿಟ್ಟುಕೊಳ್ಳಿ. 7ರ ಕೀಲಿ ಒಂದು ಒತ್ತಿಗೆ ಎರಡು ಬಾರಿ ಮೂಡುತ್ತಿದ್ದರೆ ವಿಂಡೋಸ್‌ಗೆ ತಲುಪುವುದು 2774. ನೀವು 9 ಒತ್ತುವ ಮೊದಲೇ ‘ತಪ್ಪು’ ಎಂಬ ಉತ್ತರ ಬಂದಿರುತ್ತದೆ. ಅಂಕಿ ಪೂರ್ತಿಯಾಗುವ ಮುನ್ನವೇ ಸಂದೇಶ ಬರುತ್ತಿದೆ ಎನಿಸಿದರೆ ಅನುಮಾನ ಪಡಬೇಕಾದದ್ದು ಕೀಲಿಮಣೆಯನ್ನು. ಪಾಸ್‌ವರ್ಡ್ ಹಾಕಿ ಒಳಹೋಗಿ, ನೋಟ್‌ಪ್ಯಾಡ್ ತೆರೆದು ಒಂದರಿಂದ ಸೊನ್ನೆಯವರೆಗೆ ಪ್ರತಿ ಅಂಕಿಯನ್ನೂ ನಿಧಾನವಾಗಿ ಒತ್ತಿ ನೋಡಿದರೆ ತಿಳಿದುಹೋಗುತ್ತದೆ. ಒಳಹೋಗಲು ಆಗದಿದ್ದರೆ, ಲಾಗಿನ್ ಪರದೆಯ ಕೆಳಬಲ ಮೂಲೆಯ ಆಕ್ಸೆಸಿಬಿಲಿಟಿ ಚಿಹ್ನೆಯಿಂದ ಪರದೆಯ ಮೇಲಿನ ಕೀಬೋರ್ಡ್ ತೆರೆದು ಮೌಸ್‌ನಿಂದ ಪಿನ್ ಹಾಕಿ.

ಪಿನ್‌ನಲ್ಲಿ ಅಕ್ಷರಗಳನ್ನೂ ಸೇರಿಸಿರುವವರು, ಅಥವಾ ಪಿನ್ ಬಿಟ್ಟು ಪಾಸ್‌ವರ್ಡ್ ಹಾಕುತ್ತಿರುವವರು, ಕೀಲಿಮಣೆ ಯಾವ ಭಾಷೆಯಲ್ಲಿದೆ ಎಂಬುದನ್ನು ಗಮನಿಸಬೇಕು. ಕನ್ನಡ ಟೈಪಿಂಗ್‌ಗಾಗಿ ಎರಡನೆಯ ವಿನ್ಯಾಸ ಸೇರಿಸಿಕೊಂಡಿರುವ ಕಂಪ್ಯೂಟರ್‌ಗಳಲ್ಲಿ ಲಾಗಿನ್ ಪರದೆಯ ಮೂಲೆಯಲ್ಲಿಯೂ ಭಾಷೆಯ ಗುರುತು ಕಾಣುತ್ತದೆ. ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಅದು ಬದಲಾಗುತ್ತದೆ. ಕನ್ನಡದಲ್ಲಿ ಬರೆಯುವವರು ಈ ತೊಡಕಿಗೆ ಮತ್ತೆ ಮತ್ತೆ ಸಿಕ್ಕಿಬೀಳುತ್ತಾರೆ. ಪಾಸ್‌ವರ್ಡ್ ಚುಕ್ಕಿಗಳಾಗಿ ಮೂಡುವುದರಿಂದ ಒಳಗೆ ಏನು ಬೀಳುತ್ತಿದೆ ಎಂಬುದು ತಿಳಿಯುವುದಿಲ್ಲ. ಪೆಟ್ಟಿಗೆಯ ತುದಿಯಲ್ಲಿರುವ ಕಣ್ಣಿನ ಚಿಹ್ನೆಯನ್ನು ಒತ್ತಿ ಹಿಡಿದರೆ ಕಾಣುತ್ತದೆ.

ಕೆಲವು ಬಾರಿ ತಪ್ಪು ಹಾಕಿದ ಮೇಲೆ ವಿಂಡೋಸ್ ‘ಎ1ಬಿ2ಸಿ3’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಲು ಹೇಳುತ್ತದೆ. ಇದು ವೈರಸ್ ಅಲ್ಲ, ದೋಷವೂ ಅಲ್ಲ. ಚೀಲದಲ್ಲಿ ಒತ್ತಿಹೋದ ಕೀಲಿಯೋ ಮಗುವಿನ ಕೈಯೋ ಅಂಕಿಗಳನ್ನು ಒತ್ತುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುವ ಕ್ರಮ ಅದು. ಅದನ್ನೂ ದಾಟಿ ತಪ್ಪುಗಳು ಮುಂದುವರಿದರೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಲು ಹೇಳುತ್ತದೆ. ಇದರಾಚೆಗೆ ಚಿಪ್ಪಿಗೇ ತನ್ನದೊಂದು ಎಣಿಕೆ ಇದೆ. ಟಿಪಿಎಂ 2.0ಗೆ ವಿಂಡೋಸ್ ನಿಗದಿಪಡಿಸಿರುವ ಮಿತಿ 32 ತಪ್ಪುಗಳು. ಅಲ್ಲಿಗೆ ಮುಟ್ಟಿದರೆ ಚಿಪ್ ಬೀಗ ಹಾಕಿಕೊಳ್ಳುತ್ತದೆ. ಹೊಸ ತಪ್ಪಿಲ್ಲದೆ ಕಂಪ್ಯೂಟರ್ ಆನ್ ಆಗಿರುವ ಪ್ರತಿ 10 ನಿಮಿಷಕ್ಕೆ ಎಣಿಕೆಯಲ್ಲಿ ಒಂದು ಇಳಿಯುತ್ತದೆ. ಆಫ್ ಮಾಡಿಟ್ಟರೆ ಈ ಇಳಿಕೆ ನಡೆಯುವುದಿಲ್ಲ, ಆದ್ದರಿಂದ ರಾತ್ರಿಯಿಡೀ ಮುಚ್ಚಿಟ್ಟು ಬೆಳಿಗ್ಗೆ ಪ್ರಯತ್ನಿಸುವುದಕ್ಕಿಂತ ಲಾಗಿನ್ ಪರದೆಯಲ್ಲಿಯೇ ಆನ್ ಮಾಡಿ ಬಿಟ್ಟು ಕಾಯುವುದು ಸರಿಯಾದ ದಾರಿ.

‘ಪಿನ್ ಲಭ್ಯವಿಲ್ಲ’ ಎಂದು ಬರುತ್ತಿದ್ದರೆ

‘ಸಮ್‌ಥಿಂಗ್ ಹ್ಯಾಪನ್ಡ್ ಅಂಡ್ ಯುವರ್ ಪಿನ್ ಈಸಂಟ್ ಅವೈಲಬಲ್’ ಎಂಬ ಸಂದೇಶದ ಸ್ವರೂಪವೇ ಬೇರೆ. ಇಲ್ಲಿ ವಿಂಡೋಸ್ ನಿಮ್ಮ ಅಂಕಿಗಳನ್ನು ತಪ್ಪು ಎನ್ನುತ್ತಿಲ್ಲ. ತಾನು ನಂಬಿದ್ದ ಕೀಲಿಯೇ ತನಗೆ ಸಿಗುತ್ತಿಲ್ಲ ಎನ್ನುತ್ತಿದೆ. ಬಹಳಷ್ಟು ಜನರು ಆತುರಪಟ್ಟು ಹಾನಿ ಮಾಡಿಕೊಳ್ಳುವುದು ಈ ಹಂತದಲ್ಲಿಯೇ, ಹಾಗಾಗಿ ಇಲ್ಲಿ ಸಾವಕಾಶವಾಗಿ ಮುಂದುವರಿಯೋಣ.

ಮೊದಲ ಕೆಲಸ ರೀಸ್ಟಾರ್ಟ್, ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇರುವ ಕಂಪ್ಯೂಟರ್‌ಗಳಲ್ಲಿ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಂದು ಭಾಗ ಡಿಸ್ಕಿನಲ್ಲಿ ಉಳಿದು, ಮತ್ತೆ ಆನ್ ಮಾಡಿದಾಗ ಅದೇ ಸ್ಥಿತಿಯಲ್ಲಿ ಮರಳುತ್ತದೆ. ದೋಷವೂ ಜೊತೆಗೇ ಮರಳಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತದೆ.

ಅದರಿಂದ ಸರಿಹೋಗದಿದ್ದರೆ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪಿನ್ ಕೊನೆಯ ಬಾರಿ ಕೆಲಸ ಮಾಡಿದ ಮೇಲೆ ಈ ಕಂಪ್ಯೂಟರ್‌ನಲ್ಲಿ ಏನು ಬದಲಾಯಿತು?

ಬಯೋಸ್ ಅಪ್‌ಡೇಟ್ ಆಗಿದ್ದರೆ, ಅಥವಾ ಹಳೆಯ ಡೆಸ್ಕ್‌ಟಾಪ್ ಬಹುದಿನ ವಿದ್ಯುತ್ ಸಂಪರ್ಕವಿಲ್ಲದೆ ಬಿದ್ದಿದ್ದರೆ, ಅನುಮಾನ ಬಯೋಸ್ ಸೆಟ್ಟಿಂಗ್‌ಗಳತ್ತ ತಿರುಗಬೇಕು. ಮದರ್‌ಬೋರ್ಡ್ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟ್ ಸೆಲ್ ಬರಿದಾದಾಗ ಬಯೋಸ್ ಅನೇಕ ಬೋರ್ಡ್‌ಗಳಲ್ಲಿ ಕಾರ್ಖಾನೆಯ ಸೆಟ್ಟಿಂಗ್‌ಗೆ ಮರಳುತ್ತದೆ, ದಿನಾಂಕವೂ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಕೆಲವು ವರ್ಷ ಹಳೆಯ ಬೋರ್ಡ್‌ಗಳಲ್ಲಿ ಕಾರ್ಖಾನೆಯ ಸೆಟ್ಟಿಂಗ್ ಎಂದರೆ ಪಿಟಿಟಿ ಅಥವಾ ಎಫ್‌ಟಿಪಿಎಂ ಆಫ್ ಎಂದರ್ಥ. ಚಿಪ್ ಆಫ್ ಆದೊಡನೆ ಅದರೊಳಗಿನ ಕೀಲಿ ವಿಂಡೋಸ್‌ಗೆ ಕಾಣದಂತಾಗುತ್ತದೆ. ಆದರೆ ಕಾಣದಿರುವುದು ಬೇರೆ, ಅಳಿದುಹೋಗಿರುವುದು ಬೇರೆ. ಬಯೋಸ್‌ಗೆ ಹೋಗಿ ಆ ಆಯ್ಕೆಯನ್ನು ಮತ್ತೆ ಆನ್ ಮಾಡಿ, ದಿನಾಂಕ ಸರಿಪಡಿಸಿ, ಉಳಿಸಿ ಹೊರಬಂದರೆ ಸಾಮಾನ್ಯವಾಗಿ ಹಳೆಯ ಪಿನ್ನೇ ಮೊದಲಿನಂತೆ ಕೆಲಸ ಮಾಡುತ್ತದೆ. ಇದನ್ನು ನೋಡದೆ ಎನ್‌ಜಿಸಿ ಫೋಲ್ಡರ್ ಅಳಿಸಿದರೆ, ಬಯೋಸ್‌ನಲ್ಲಿ ಒಂದು ಆಯ್ಕೆ ಬದಲಿಸಿ ಮುಗಿಯಬೇಕಿದ್ದ ಕೆಲಸಕ್ಕೆ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ಪ್ರತಿ ಬಾರಿ ಪ್ಲಗ್ ತೆಗೆದಾಗಲೂ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಸೆಲ್ ಬದಲಿಸದೆ ಬೇರೆ ದಾರಿಯಿಲ್ಲ.

ಚಿಪ್ಪಿನ ಸ್ಥಿತಿಯನ್ನು ವಿಂಡೋಸ್ ಒಳಗಿನಿಂದಲೂ ನೋಡಬಹುದು. ಪಾಸ್‌ವರ್ಡ್‌ನಿಂದ ಲಾಗಿನ್ ಆಗಿ, ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಟಿಪಿಎಂ ಎಂಬ ಮೂರು ಅಕ್ಷರ, ಒಂದು ಚುಕ್ಕಿ, ಎಂಎಸ್‌ಸಿ ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಟಿಪಿಎಂ ಬಳಕೆಗೆ ಸಿದ್ಧವಾಗಿದೆ ಎಂದು ಬಂದರೆ ಚಿಪ್ ಸರಿಯಿದೆ, ಹೊಂದಾಣಿಕೆಯ ಟಿಪಿಎಂ ಸಿಗಲಿಲ್ಲ ಎಂದು ಬಂದರೆ ಬಯೋಸ್‌ನತ್ತ ಹೋಗಿ.

ಪ್ರೊಸೆಸರ್ ಬದಲಿಸಿದ್ದರೆ ಪರಿಸ್ಥಿತಿ ಗಂಭೀರ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ತಾವೇ ಡೆಸ್ಕ್‌ಟಾಪ್ ಮೇಲ್ದರ್ಜೆಗೇರಿಸಿಕೊಳ್ಳುವವರು ಇದನ್ನು ಮುಖ್ಯವಾಗಿ ತಿಳಿದಿರಬೇಕು. ಎಎಂಡಿ ಬೋರ್ಡ್‌ನಲ್ಲಿ ಹೊಸ ಪ್ರೊಸೆಸರ್ ಕೂರಿಸಿ ಆನ್ ಮಾಡಿದಾಗ, ಎಫ್‌ಟಿಪಿಎಂ ರೀಸೆಟ್ ಮಾಡಲು ವೈ, ಬೇಡವಾದರೆ ಎನ್ ಒತ್ತಿ ಎಂದು ಕಪ್ಪು ಪರದೆಯಲ್ಲಿ ಕೇಳುವುದುಂಟು. ವೈ ಒತ್ತಿದರೆ ಹಳೆಯ ಕೀಲಿಗಳು ಹೋಗುತ್ತವೆ, ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬೇಕೇಬೇಕು. ಕೀಲಿ ಕೈಯಲ್ಲಿಲ್ಲದಿದ್ದರೆ ಎನ್ ಒತ್ತಿ, ಕಂಪ್ಯೂಟರ್ ಆಫ್ ಮಾಡಿ, ಹಳೆಯ ಪ್ರೊಸೆಸರನ್ನು ಮತ್ತೆ ಕೂರಿಸಿ, ಕೀಲಿ ಬರೆದುಕೊಂಡು ಆಮೇಲೆ ಮುಂದುವರಿಯಿರಿ. ಎರಡು ಗಂಟೆ ಹೆಚ್ಚು ಹಿಡಿದರೂ ಪರವಾಗಿಲ್ಲ.

ಮದರ್‌ಬೋರ್ಡನ್ನೇ ಬದಲಿಸಿದ್ದರೆ ಹಳೆಯ ಪಿನ್ ಮರಳಿ ಬರುವುದಿಲ್ಲ. ಅದರ ಕೀಲಿ ಹಳೆಯ ಬೋರ್ಡ್ ಜೊತೆಗೆ ಹೋಗಿದೆ. ಪಿನ್ ಹೊಂದಿಸುವಾಗಲೋ ಬೇರೆ ಮೈಕ್ರೋಸಾಫ್ಟ್ ತಂತ್ರಾಂಶಗಳಿಗೆ ಲಾಗಿನ್ ಆಗುವಾಗಲೋ 80090016ರಲ್ಲಿ ಕೊನೆಗೊಳ್ಳುವ ದೋಷ ಸಂಕೇತ ಕಂಡರೆ, ಕೀಲಿಗಳ ಗುಂಪು ಇಲ್ಲವೆಂದೇ ಅದರ ಅರ್ಥ. ಇಂತಲ್ಲಿ ಹಳೆಯ ವಿವರಗಳನ್ನು ತೆಗೆದು ಹೊಸ ಪಿನ್ ಹೊಂದಿಸುವುದೇ ಪರಿಹಾರ.

ಹಳೆಯ ವಿವರ ತೆಗೆಯುವ ಬಗೆ

ಲಾಗಿನ್ ಪರದೆಯಲ್ಲಿಯೇ ಪಿನ್ ಮತ್ತೆ ಹೊಂದಿಸುವ ಕೊಂಡಿ ಕಂಡರೆ ಅದನ್ನೇ ಮೊದಲು ಬಳಸಿ. ಪಾಸ್‌ವರ್ಡ್‌ನಿಂದ ಒಳಹೋಗಲು ಸಾಧ್ಯವಿದ್ದರೆ ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್ ದಾರಿಯಲ್ಲಿ ಸಾಗಿ, ಪಿನ್ ವಿಭಾಗದ ‘ಐ ಫರ್ಗಾಟ್ ಮೈ ಪಿನ್’ ಒತ್ತಿ. ಹೆಚ್ಚಿನವರಿಗೆ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಅದೂ ದೋಷ ತೋರಿಸಿದರೆ ಎನ್‌ಜಿಸಿ ವಿವರಗಳನ್ನು ಅಳಿಸಬೇಕು. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಫೋಲ್ಡರ್‌ನ ಮಾಲೀಕತ್ವ ವಶಪಡಿಸಿಕೊಂಡು ಅಳಿಸಲು ಹೇಳುತ್ತವೆ. ಅದಕ್ಕಿಂತ ಮೃದುವಾದ ದಾರಿ ವಿಂಡೋಸ್‌ನಲ್ಲಿಯೇ ಇದೆ, ಅದನ್ನೇ ಮೊದಲು ಪ್ರಯತ್ನಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ತೊಂದರೆಯಿರುವ ಬಳಕೆದಾರನಾಗಿಯೇ ಲಾಗಿನ್ ಆಗಿ, ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಸಾಮಾನ್ಯ ಕಮಾಂಡ್ ಪ್ರಾಂಪ್ಟ್ ತೆರೆದು, ಸರ್ಟ್‌ಯುಟಿಲ್ ಎಂಬ ಆಜ್ಞೆ, ಒಂದು ಖಾಲಿ ಜಾಗ, ಒಂದು ಅಡ್ಡಗೆರೆ, ಅದಕ್ಕೆ ಅಂಟಿದಂತೆ ಡಿಲೀಟ್‌ಹಲೋಕಂಟೇನರ್ ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಸೈನ್ ಔಟ್ ಆಗಿ ಮತ್ತೆ ಪಾಸ್‌ವರ್ಡ್‌ನಿಂದ ಬಂದಾಗ ಆ ಬಳಕೆದಾರನ ಹಳೆಯ ಪಿನ್ ಹೋಗಿರುತ್ತದೆ. ಬೇರೆಯವರ ಪಿನ್‌ಗೆ ಏನೂ ಆಗಿರುವುದಿಲ್ಲ.

ಫೋಲ್ಡರ್ ಅಳಿಸುವುದು ಇದರ ನಂತರದ ದಾರಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ ಸರ್ವಿಸ್‌ಪ್ರೊಫೈಲ್ಸ್, ಅದರಲ್ಲಿ ಲೋಕಲ್‌ಸರ್ವಿಸ್, ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್ ಎಂಬ ಹಂತಗಳನ್ನು ದಾಟಿದರೆ ಎನ್‌ಜಿಸಿ ಸಿಗುತ್ತದೆ. ಅಡ್ಮಿನಿಸ್ಟ್ರೇಟರ್‌ಗೂ ಅದು ನೇರವಾಗಿ ತೆರೆಯುವುದಿಲ್ಲ. ಪ್ರಾಪರ್ಟೀಸ್‌ನ ಸೆಕ್ಯೂರಿಟಿ ಭಾಗದಲ್ಲಿ ಮಾಲೀಕತ್ವ ಬದಲಿಸಿಕೊಂಡು ಒಳಗಿರುವುದನ್ನು ಅಳಿಸಿ ರೀಸ್ಟಾರ್ಟ್ ಮಾಡಬೇಕು. ಮನೆಯವರೆಲ್ಲರೂ ಒಂದೇ ಕಂಪ್ಯೂಟರ್ ಬಳಸುತ್ತಿದ್ದರೆ ಎಲ್ಲರ ಪಿನ್ನೂ ಹೋಗುತ್ತದೆ, ಅದಕ್ಕೆ ಕಟ್ಟಿಕೊಂಡಿರುವ ಬೆರಳಚ್ಚು ಮತ್ತು ಮುಖ ಗುರುತಿನ ಲಾಗಿನ್ನೂ ಹೋಗುತ್ತದೆ. ಅವರ ಪಾಸ್‌ವರ್ಡ್‌ಗಳು ನೆನಪಿವೆಯೇ ಎಂದು ಮೊದಲೇ ಕೇಳಿ.

ಹೊಸ ಪಿನ್ ಹೊಂದಿಸಲು ಬಿಡದಿದ್ದರೆ

ಲೋಕಲ್ ಖಾತೆಗೆ (ಮೈಕ್ರೋಸಾಫ್ಟ್ ಖಾತೆಗೆ ಸೇರದೆ ಆ ಕಂಪ್ಯೂಟರ್‌ನಲ್ಲಷ್ಟೇ ಇರುವ ಖಾತೆ) ಪಾಸ್‌ವರ್ಡ್ ಇಲ್ಲದಿದ್ದರೆ ಪಿನ್ ಹೊಂದಿಸಲು ಬರುವುದಿಲ್ಲ, ಮೊದಲು ಪಾಸ್‌ವರ್ಡ್ ಇಡಬೇಕು. ಪಿನ್ ತೀರಾ ಸರಳವಾಗಿದೆ ಎಂದು ನಿರಾಕರಿಸಿದರೆ ಅದರ ಹಿಂದೆ ನಿಖರವಾದ ಲೆಕ್ಕವಿದೆ. ಒಂದು ಅಂಕಿಯಿಂದ ಮುಂದಿನದಕ್ಕೆ ಇರುವ ಅಂತರ ಎಲ್ಲೆಡೆ ಒಂದೇ ಆಗಿದ್ದರೆ ಅಂಥ ಪಿನ್ನನ್ನು ಒಪ್ಪುವುದಿಲ್ಲ. 1111, 1234, 1357 ಮಾತ್ರವಲ್ಲ, 7036 ಕೂಡ ನಡೆಯುವುದಿಲ್ಲ, ಏಕೆಂದರೆ 9ರ ನಂತರ ಮತ್ತೆ 0 ಎಂದು ಸುತ್ತಿ ಎಣಿಸಿದರೆ ಪ್ರತಿ ಹೆಜ್ಜೆಯೂ 3. ಆದರೆ 1231 ಒಪ್ಪಿಗೆಯಾಗುತ್ತದೆ. ಒಪ್ಪಿಗೆಯಾಯಿತೆಂಬ ಮಾತ್ರಕ್ಕೆ ಅದು ಒಳ್ಳೆಯ ಪಿನ್ ಅಲ್ಲ, ಹುಟ್ಟಿದ ವರ್ಷವನ್ನೂ ಈ ಲೆಕ್ಕ ತಡೆಯುವುದಿಲ್ಲ. 6 ಅಂಕಿಗಳ, ಯಾವುದಕ್ಕೂ ಸಂಬಂಧವಿಲ್ಲದ ಪಿನ್ ಇಡುವುದು ಲೇಸು.

ನಿನ್ನೆಯವರೆಗೆ 4 ಅಂಕಿ ಸಾಕಿತ್ತು, ಇಂದು 6 ಕೇಳುತ್ತಿದೆ ಎನ್ನುವ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಬಹಳ. ಕಾಲೇಜು ಅಥವಾ ಕಚೇರಿಯ ಇಮೇಲ್‌ನಿಂದ ಯಾವುದೋ ತಂತ್ರಾಂಶಕ್ಕೆ ಲಾಗಿನ್ ಆಗುವಾಗ, ‘ನನ್ನ ಸಂಸ್ಥೆ ಈ ಸಾಧನವನ್ನು ನಿರ್ವಹಿಸಲಿ’ ಎಂಬರ್ಥದ ಗುರುತನ್ನು ತೆಗೆಯದೆ ಮುಂದುವರಿದರೆ ಸಂಸ್ಥೆಯ ಪಿನ್ ನಿಯಮ ನಿಮ್ಮ ಸ್ವಂತ ಕಂಪ್ಯೂಟರ್‌ಗೂ ಅನ್ವಯವಾಗಬಹುದು. ಅಕೌಂಟ್ಸ್‌ನ ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’ ಪುಟದಲ್ಲಿ ಆ ಖಾತೆ ಕಾಣುತ್ತದೆ. ಬೇಡವಾದರೆ ಅಲ್ಲಿಂದಲೇ ಬೇರ್ಪಡಿಸಬಹುದು.

ಪಿನ್ ತೆಗೆಯುವ ‘ರಿಮೂವ್’ ಗುಂಡಿ ಮಸುಕಾಗಿದ್ದರೆ ಅದು ಕೆಟ್ಟಿಲ್ಲ. ಸೈನ್-ಇನ್ ಆಪ್ಷನ್ಸ್ ಪುಟದಲ್ಲಿ, ಮೈಕ್ರೋಸಾಫ್ಟ್ ಖಾತೆಗಳಿಗೆ ವಿಂಡೋಸ್ ಹಲೋ ಲಾಗಿನ್ ಮಾತ್ರ ಸಾಕು ಎಂಬ ಸ್ವಿಚ್ ಆನ್ ಆಗಿರುತ್ತದೆ. ಅದನ್ನು ಆಫ್ ಮಾಡಿದರೆ ಗುಂಡಿಗೆ ಜೀವ ಬರುತ್ತದೆ, ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಆಯ್ಕೆಯೂ ಮರಳುತ್ತದೆ. ಈ ಸ್ವಿಚ್ಚನ್ನು ಆಫ್ ಇಟ್ಟುಕೊಳ್ಳುವುದೇ ಮನೆಯ ಕಂಪ್ಯೂಟರ್‌ಗೆ ಹಿತ ಎಂದು ನಾನು ಭಾವಿಸುತ್ತೇನೆ, ಪಿನ್ ಕೈಕೊಟ್ಟ ದಿನ ಇನ್ನೊಂದು ಬಾಗಿಲು ತೆರೆದಿರುತ್ತದೆ.

ದೋಷ ಸಂಕೇತ 80090029ರಲ್ಲಿ ಕೊನೆಗೊಂಡರೆ ಟಿಪಿಎಂ ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಮೇಲೆ ಹೇಳಿದ ಟಿಪಿಎಂ ಕಿಟಕಿಯ ಆಕ್ಷನ್ಸ್ ಪಟ್ಟಿಯಲ್ಲಿ ‘ಪ್ರಿಪೇರ್’ ಆಯ್ಕೆಯಿದೆ. 80090031 ಬಂದರೆ ರೀಸ್ಟಾರ್ಟ್ ಮಾಡಿ, ಮತ್ತೆ ಬಂದರೆ ಮಾತ್ರ ಟಿಪಿಎಂ ಕ್ಲಿಯರ್ ಮಾಡುವ ಮಾತು. ಅದರ ದಾರಿ ವಿಂಡೋಸ್ ಸೆಕ್ಯೂರಿಟಿಯ ಡಿವೈಸ್ ಸೆಕ್ಯೂರಿಟಿ ಪುಟದಲ್ಲಿ, ಸೆಕ್ಯೂರಿಟಿ ಪ್ರೊಸೆಸರ್‌ನ ಟ್ರಬಲ್‌ಶೂಟಿಂಗ್ ಭಾಗದಲ್ಲಿದೆ. ರಿಕವರಿ ಕೀ ಕಾಗದದ ಮೇಲೆ ಇಲ್ಲದಿದ್ದರೆ ಆ ಗುಂಡಿಯನ್ನು ಮುಟ್ಟಬೇಡಿ. ಪ್ರೊ ಆವೃತ್ತಿಯಲ್ಲಿ ಕಂಟ್ರೋಲ್ ಪ್ಯಾನಲ್‌ನಿಂದ ಬಿಟ್‌ಲಾಕರ್ ರಕ್ಷಣೆಯನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿಕೊಂಡು ಆಮೇಲೆ ಕ್ಲಿಯರ್ ಮಾಡುವುದು ಕ್ಷೇಮ.

ಪಿನ್ನೂ ಪಾಸ್‌ವರ್ಡೂ ಮರೆತಿದ್ದರೆ

ಮೈಕ್ರೋಸಾಫ್ಟ್ ಖಾತೆಯಾದರೆ ಲಾಗಿನ್ ಪರದೆಯ ‘ಐ ಫರ್ಗಾಟ್ ಮೈ ಪಿನ್’ ಮೂಲಕ ಮರಳಬಹುದು, ಆದರೆ ಅದಕ್ಕೆ ಇಂಟರ್‌ನೆಟ್ ಬೇಕು. ಹಾಸ್ಟೆಲ್‌ಗಳಲ್ಲಿ ಬ್ರೌಸರ್ ತೆರೆದು ಹೆಸರು ಹಾಕಬೇಕಾದ ವೈಫೈ ಈ ಪರದೆಯಲ್ಲಿ ಪ್ರಯೋಜನಕ್ಕೆ ಬರುವುದು ಕಷ್ಟ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಇಲ್ಲವೇ ಯುಎಸ್‌ಬಿ ತಂತಿಯಿಂದ ಜೋಡಿಸಿ ಫೋನಿನ ಇಂಟರ್‌ನೆಟ್ ಹಂಚಿಕೊಳ್ಳಿ. ಪುಟ ಖಾಲಿಯಾಗಿಯೇ ಉಳಿದರೆ ಕಂಪ್ಯೂಟರ್‌ನ ದಿನಾಂಕ ನೋಡಿ. ಅದು ವರ್ಷಗಳಷ್ಟು ತಪ್ಪಿದ್ದರೆ ಸುರಕ್ಷಿತ ಸಂಪರ್ಕವೇ ಏರ್ಪಡುವುದಿಲ್ಲ. ಲೋಕಲ್ ಖಾತೆಯಾದರೆ, ಪಾಸ್‌ವರ್ಡ್ ಇಡುವಾಗ ಉತ್ತರಿಸಿದ 3 ಭದ್ರತಾ ಪ್ರಶ್ನೆಗಳೇ ಆಧಾರ. ಪಾಸ್‌ವರ್ಡನ್ನು ಒಮ್ಮೆ ತಪ್ಪಾಗಿ ಹಾಕಿದ ಮೇಲೆ ಆ ಕೊಂಡಿ ಕಾಣುತ್ತದೆ.

ಸರಿಪಡಿಸಿದ ಮೇಲೆ ಪರೀಕ್ಷಿಸುವುದು

ಹೊಸ ಪಿನ್ ಹೊಂದಿಸಿದ ಮೇಲೆ ವಿಂಡೋಸ್ ಮತ್ತು ಎಲ್ ಒತ್ತಿ ಲಾಕ್ ಮಾಡಿ ತೆರೆದು ನೋಡಿದರೆ ಸಾಲದು. ಒಮ್ಮೆ ರೀಸ್ಟಾರ್ಟ್ ಮಾಡಿ ಪಿನ್‌ನಿಂದ ಬನ್ನಿ, ಒಮ್ಮೆ ಪೂರ್ತಿ ಆಫ್ ಮಾಡಿ, ಡೆಸ್ಕ್‌ಟಾಪ್ ಆದರೆ ಪ್ಲಗ್ ತೆಗೆದು ಐದು ನಿಮಿಷ ಬಿಟ್ಟು ಆನ್ ಮಾಡಿ, ಬಯೋಸ್ ದಿನಾಂಕ ಉಳಿದಿದೆಯೇ, ಪಿನ್ ಇನ್ನೂ ಕೆಲಸ ಮಾಡುತ್ತಿದೆಯೇ ನೋಡಿ. ನಂತರ ಸೈನ್-ಇನ್ ಆಪ್ಷನ್ಸ್ ಕೊಂಡಿಯಿಂದ ಕೀಲಿಯ ಚಿಹ್ನೆ ಆರಿಸಿ ಪಾಸ್‌ವರ್ಡ್‌ನಿಂದಲೂ ಒಮ್ಮೆ ಒಳಬನ್ನಿ. ಬೆರಳಚ್ಚು, ಮುಖ ಗುರುತುಗಳನ್ನು ಹೊಸದಾಗಿ ದಾಖಲಿಸಿ. ಬಿಟ್‌ಲಾಕರ್ ಸಸ್ಪೆಂಡ್ ಮಾಡಿದ್ದರೆ ರೆಸ್ಯೂಮ್ ಮಾಡಿ, ಖಾತೆಯ ಪುಟದಲ್ಲಿರುವ ರಿಕವರಿ ಕೀ ನೀವು ಬರೆದಿಟ್ಟುಕೊಂಡ ಕೀಲಿಗೆ ಈಗಲೂ ಹೊಂದುತ್ತದೆಯೇ ಎಂದು ಅಂಕಿ ಅಂಕಿಯಾಗಿ ತಾಳೆ ನೋಡಿ.